ಕೊರವನಿಗೊಂದು ಕೋಲು, ಕೋಲಿಗೊಂದು ದಾರ

ಮಿರಗ, ಆರಿದ್ರಾ ಎರಡೂ ಮಳೆಗಳು ಈ ಸಲ ಮಾತು ಉಳಿಸಿಕೊಂಡಿವೆ. ಸುಲೇಪೇಟದ ಸುತ್ತಲಿನ ಕರಿಮಣ್ಣಿನ ಹೊಲಗಳಲ್ಲಿ ತೊಗರಿ ಎರಡೆಲೆ ಒಡೆದು ನಿಂತಿದೆ. ಬಿತ್ತನೆಯ ಗಡಿಬಿಡಿಯಲ್ಲಿ ಮುಳುಗಿದ್ದ ಊರು ಈಗ ಸ್ವಲ್ಪ ಉಸಿರು ಬಿಟ್ಟಿದೆ. ಎಡೆ ಹೊಡೆಯಲು ಇನ್ನೂ ನಾಲ್ಕು ದಿನವಿದೆ. ಇಂಥ ಬಿಡುವಿನ ಒಂದು ಭಾನುವಾರ ಬೆಳಿಗ್ಗೆ ಸೇಡಂ ಕಡೆಯ ಬಸ್ಸಿಗೆ ಕಾದು ನಿಂತ ಜನರ ನಡುವೆ ಎರಡು ಕೋಲುಗಳು ಎದ್ದು ಕಾಣುತ್ತವೆ.

ಒಂದು ಹತ್ತಡಿ ಉದ್ದದ ಬಿದಿರು. ಕೈ ಹಿಡಿಯುವ ಕಡೆ ವರ್ಷಗಳ ಬೆವರಿಗೆ ಎಣ್ಣೆ ಹಚ್ಚಿದಂತೆ ಹೊಳಪೇರಿದೆ. ಅದನ್ನು ಹಿಡಿದವರು ಧೋತರ ಉಟ್ಟ, ಎಪ್ಪತ್ತು ದಾಟಿದ ಹಿರಿಯರು. ಒಂದು ಕಾಲಕ್ಕೆ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಇನ್ನೊಂದು ಕೋಲು ಎರಡು ತುಂಡಾಗಿ ಬಟ್ಟೆಯ ಚೀಲದೊಳಗಿದೆ. ಅದನ್ನು ಹೆಗಲಿಗೆ ಹಾಕಿಕೊಂಡವನು ಅವರ ಮೊಮ್ಮಗ, ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು.

ಬಸ್ಸಿನ ಕಂಡಕ್ಟರು ಬಿದಿರನ್ನು ನೋಡಿ, "ಮುತ್ಯಾ, ಕೋಲಿಗೂ ಟಿಕೇಟ್ ತಗೀಬೇಕಾಗ್ತದ ನೋಡ್ರಿ" ಎಂದು ನಗುತ್ತಾನೆ.

"ತಗೀಯಪ್ಪಾ. ಹಿರಿಯ ನಾಗರಿಕ ಅಂತ ಅದಕ್ಕೂ ರಿಯಾಯ್ತಿ ಕೊಡು. ನನಗಿಂತ ನಾಲ್ಕು ವರ್ಷಕ್ಕಷ್ಟೇ ಸಣ್ಣದದ" ಎನ್ನುತ್ತಾರೆ ಮುತ್ಯಾ. ಬಸ್ಸಿನೊಳಗೆ ನಗೆಯೇಳುತ್ತದೆ. ಮೊಮ್ಮಗ ಮಾತ್ರ ತನ್ನ ಚೀಲವನ್ನು ಯಾರೂ ತುಳಿಯದಂತೆ ಕಾಲಸಂದಿಯಲ್ಲಿ ಭದ್ರವಾಗಿ ಹಿಡಿದು ಕೂರುತ್ತಾನೆ. ಅದಕ್ಕೆ ಅವನು ಕೊಟ್ಟದ್ದು ಎರಡು ಸಾವಿರದ ನಾಲ್ಕುನೂರು ರೂಪಾಯಿ.

ಬಾಸ್ ಎಂದರೆ ಯಾರು?

ಮೊಬೈಲಿನಲ್ಲಿ ತರಿಸಿದ ಆ ಕೋಲಿನ ಡಬ್ಬಿಯ ಮೇಲೆ "ಬಾಸ್" ಎಂದು ದೊಡ್ಡದಾಗಿ ಅಚ್ಚು ಹಾಕಿದೆ. ಜೊತೆಗೆ ಅಗಲ ಬಾಯಿ ತೆರೆದು ನೀರಿನಿಂದ ಜಿಗಿಯುತ್ತಿರುವ ಹಸಿರು ಮೀನಿನ ಚಿತ್ರ. ಈ ಮೀನು ಕಾಗಿಣಾದಲ್ಲೂ ಇಲ್ಲ, ಮುಲ್ಲಾಮಾರಿಯಲ್ಲೂ ಇಲ್ಲ. ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ಅಲ್ಲಿ ಇದರ ಬೇಟೆ ಕೋಟ್ಯಂತರ ಡಾಲರಿನ ವ್ಯವಹಾರ. 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ‍್ರಿ ಎಂಬಾತ ಹಿಡಿದ ಸುಮಾರು ಹತ್ತು ಕಿಲೊ ತೂಕದ ಬಾಸ್ ದಶಕಗಳ ಕಾಲ ವಿಶ್ವದಾಖಲೆಯಾಗಿ ಉಳಿದಿತ್ತು. ಅದನ್ನು ಸರಿಗಟ್ಟಿದ ಮೀನು ಸಿಕ್ಕಿದ್ದು 2009ರಲ್ಲಿ, ಅದೂ ಜಪಾನಿನ ಬಿವಾ ಸರೋವರದಲ್ಲಿ. ಜಪಾನಿಗೆ ಈ ಮೀನನ್ನು ಒಯ್ದು ಬಿಟ್ಟಿದ್ದು 1925ರಲ್ಲಿ. ಅದು ಅಲ್ಲಿನ ಸ್ಥಳೀಯ ಮೀನುಗಳನ್ನು ತಿಂದು ತೇಗಿದ್ದರಿಂದ 2005ರಲ್ಲಿ ಅದನ್ನು ಸಾಕುವುದಕ್ಕೂ ಸಾಗಿಸುವುದಕ್ಕೂ ಕಾನೂನಿನ ತಡೆ ಬಂತು. ಮೋಜಿಗೆಂದು ತಂದ ಮೀನು ಊರಿಗೇ ಭಾರವಾದ ಕತೆ ಅದು.

ಹಾಗಾದರೆ ಬಾಸ್ ಕೋಲಿಗೆ ಸುಲೇಪೇಟ ಸೀಮೆಯಲ್ಲಿ ಏನು ಕೆಲಸ? ಕೆಲಸವಿದೆ. ಬಾಸ್ ಮೀನಿನ ಸ್ವಭಾವವನ್ನೇ ಹೋಲುವ ಮೀನೊಂದು ಇಲ್ಲಿನ ಮಡುಗಳಲ್ಲಿದೆ. ಅದೇ ಕೊರವ. ಗಡಿಯಾಚೆ ತಾಂಡೂರು, ಜಹೀರಾಬಾದಿನ ಕಡೆ ತೆಲುಗರು ಅದನ್ನು ಕೊರ್ರಮೀನು ಎನ್ನುತ್ತಾರೆ. ತೆಲಂಗಾಣ ಸರ್ಕಾರ ಅದನ್ನು ರಾಜ್ಯದ ಮೀನೆಂದು 2016ರಲ್ಲಿ ಘೋಷಿಸಿತು. ಮಿರಗ ಕೂಡುವ ದಿನ ಹೈದರಾಬಾದಿನಲ್ಲಿ ಬತ್ತಿನಿ ಮನೆತನದವರು ಉಬ್ಬಸದವರಿಗೆ ನುಂಗಿಸುವ ಜೀವಂತ ಮರಿಮೀನೂ ಇದೇ. ಆ ಔಷಧಕ್ಕೆ ವೈದ್ಯವಿಜ್ಞಾನದ ಮುದ್ರೆ ಇಲ್ಲ. ಆದರೆ ಜನರ ಸಾಲಂತೂ ಕರಗಿಲ್ಲ.

ಕೊರವ ಅಟ್ಟಿಸಿಕೊಂಡು ಹೋಗುವ ಬೇಟೆಗಾರನಲ್ಲ, ಹೊಂಚುವ ಬೇಟೆಗಾರ. ಜೊಂಡು, ಕಮಲದೆಲೆ, ಕೊಳೆತ ಮುಳ್ಳುಕಂಟಿಗಳ ಕೆಳಗೆ ಕಟ್ಟಿಗೆಯಂತೆ ಬಿದ್ದಿರುತ್ತದೆ. ಕಪ್ಪೆಯೋ ಸಣ್ಣ ಮೀನೋ ಹತ್ತಿರ ಬಂತೆಂದರೆ ಒಂದೇ ನೆಗೆತ. ನುಂಗಿದ ಮರುಕ್ಷಣ ಮತ್ತೆ ಕಸದೊಳಕ್ಕೆ ನುಗ್ಗುತ್ತದೆ. ಹಿಡಿಯುವವನಿಗೆ ಸಿಗುವ ಸಮಯ ಆ ಒಂದು ಕ್ಷಣ ಮಾತ್ರ. ಅಮೆರಿಕದ ಬಾಸ್ ಕೂಡ ಹೀಗೆಯೇ. ಆದ್ದರಿಂದಲೇ ಅದಕ್ಕೆಂದು ಮಾಡಿದ ಕೋಲು ಇದಕ್ಕೂ ಒಗ್ಗುತ್ತದೆ.

ಕಲ್ಲು, ಕರಿಮಣ್ಣು, ನೀರು

ಈ ಸೀಮೆಯನ್ನು ನೀರಿನ ಸೀಮೆಯೆಂದು ಹೊರಗಿನವರು ಒಪ್ಪುವುದಿಲ್ಲ. ಕಲಬುರಗಿ ಜಿಲ್ಲೆಯೆಂದರೆ ಅವರಿಗೆ ನೆನಪಾಗುವುದು ಬಿಸಿಲು, ತೊಗರಿ, ಸಿಮೆಂಟು. ಸೇಡಂ, ಮಳಖೇಡ, ವಾಡಿ, ಶಹಾಬಾದಗಳ ದಾರಿಯಲ್ಲಿ ಕಣ್ಣಿಗೆ ಬೀಳುವುದೂ ಕಾರ್ಖಾನೆಗಳ ಚಿಮಣಿಗಳೇ. ಆದರೆ ಸುಣ್ಣಕಲ್ಲಿನ ಈ ನೆಲದ ನಡುವೆ ಕಾಗಿಣಾ ಹರಿಯುತ್ತದೆ. ತೆಲಂಗಾಣದಲ್ಲಿ ಹುಟ್ಟಿ, ತಾಂಡೂರಿನ ಮಗ್ಗುಲಿಂದ ಬಂದು, ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯ ಬುಡ ತೊಳೆದು, ಚಿತ್ತಾಪುರ ಸೀಮೆ ದಾಟಿ ಭೀಮೆಯನ್ನು ಸೇರುತ್ತದೆ. ಚಿಂಚೋಳಿಯ ಬದಿಯಿಂದ ಬರುವ ಮುಲ್ಲಾಮಾರಿಯ ನೀರೂ ಕೊನೆಗೆ ಭೀಮೆಯ ಪಾಲೇ. ಬೇಸಿಗೆಯಲ್ಲಿ ಕಲ್ಲುಹಾಸು ಕಾಣುವಷ್ಟು ಬಡವಾಗುವ ಕಾಗಿಣಾ ಸಿಟ್ಟಿಗೆದ್ದರೆ ಹೇಗೆಂಬುದನ್ನು 2020ರ ಅಕ್ಟೋಬರಿನಲ್ಲಿ ಮಳಖೇಡ ಕಂಡಿದೆ.

ಗಾಳ ಹಾಕುವವರ ಪಾಲಿಗೆ ಇಲ್ಲಿ ಮೂರು ಬಗೆಯ ನೀರು. ಮೊದಲನೆಯದು ಹೊಳೆಯ ಮಡು. ಮಳೆಗಾಲದಲ್ಲಿ ಚಹದ ಬಣ್ಣ, ಅಂಚಿಗೆ ಜೊಂಡು, ಒಳಗೆ ಕೊರವ, ಬಾಳೆಮೀನು, ಹಾವುಮೀನು. ಎರಡನೆಯದು ಕೆರೆ ಮತ್ತು ಅಣೆಕಟ್ಟು. ಅಲ್ಲಿ ಮೀನುಗಾರಿಕೆ ಇಲಾಖೆಯ ಬಿತ್ತನೆಯಿಂದ ಬಂದ ಕಾಟ್ಲಾ, ರೋಹು, ಮೃಗಾಲ. ಇವು ಮೂಲತಃ ಗಂಗಾ ಬಯಲಿನವು. ಯಾರೂ ಕರೆಯದೆ ಎಲ್ಲೆಡೆ ಸೇರಿಕೊಂಡ ಜಿಲೇಬಿ ಆಫ್ರಿಕಾ ಮೂಲದ್ದು. ಮೂರನೆಯದು ಕೈಬಿಟ್ಟ ಫರಸಿ ಖಣಿಗಳು. ಶಹಾಬಾದ ಕಲ್ಲೆಂದು ದೇಶದ ಎಷ್ಟೋ ಮನೆಗಳ ನೆಲ ಹಾಸಿದ ಚಪ್ಪಡಿ ಎದ್ದುಹೋದ ಮೇಲೆ ಉಳಿದ ಗುಂಡಿಗಳಲ್ಲಿ ಮಳೆನೀರು ನಿಂತು ಹಸಿರುಗಾಜಿನಂತೆ ಹೊಳೆಯುತ್ತದೆ.

ಈ ಖಣಿಗಳ ಅಂದವೇ ಅಪಾಯ. ಕೆರೆಗೆ ಇಳಿಜಾರಿನ ದಂಡೆಯಿರುತ್ತದೆ. ಖಣಿಗೆ ಗೋಡೆಯಷ್ಟೇ ಇರುತ್ತದೆ. ಒಂದು ಹೆಜ್ಜೆ ಮೊಣಕಾಲುದ್ದ, ಮುಂದಿನ ಹೆಜ್ಜೆಗೆ ತಳವೇ ಇಲ್ಲ. ಹಿಡಿಯಲು ಬೇರಿಲ್ಲ, ಹತ್ತಲು ಮೆಟ್ಟಿಲಿಲ್ಲ. ಈಜಲು ಹೋದ ಮಕ್ಕಳು ಇಂಥ ಗುಂಡಿಗಳಲ್ಲಿ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. "ಖಣಿ ಕಡದವನಿಗೆ ಖಣಿ ಆಳ ಗೊತ್ತಿರ್ತದ. ಅದಕ್ಕೇ ನಾ ಅಲ್ಲಿ ಗಾಳ ಹಾಕಂಗಿಲ್ಲ" ಎನ್ನುತ್ತಾರೆ ಮುತ್ಯಾ. ಮೊಮ್ಮಗನಿಗೂ ಅದೇ ಕಟ್ಟಳೆ.

ಕೊಂಚಾವರಂ ಕಾಡಿನ ನಡುವಿನ ಚಂದ್ರಂಪಳ್ಳಿ ಜಲಾಶಯಕ್ಕೆ ಹೋಗಬೇಕೆಂಬುದು ಮೊಮ್ಮಗನ ಬಹುದಿನದ ಆಸೆ. ಗುಡ್ಡಗಳ ನಡುವೆ ಹರಡಿದ ಆ ನೀರನ್ನು ನೋಡಿದವರಿಗೆ ಕಲಬುರಗಿ ಜಿಲ್ಲೆಯಲ್ಲಿದ್ದೇವೆಂಬ ನಂಬಿಕೆ ಬರುವುದಿಲ್ಲ. ಆದರೆ ಅದರ ಸುತ್ತಲಿನ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವಾಯಿತು. ಅಲ್ಲಿಗೆ ಕಣ್ಣು ತೆಗೆದುಕೊಂಡು ಹೋಗಬಹುದು, ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಗಾಳ ತೆಗೆದುಕೊಂಡು ಹೋಗುವಂತಿಲ್ಲ. ಕೆರೆಗಳದ್ದೂ ಹೀಗೆಯೇ. ಮೀನಿನ ಹಕ್ಕು ಗುತ್ತಿಗೆಯಲ್ಲಿರುವ ಕೆರೆಯಲ್ಲಿ ಗುತ್ತಿಗೆದಾರರನ್ನು ಕೇಳಿ ಮುಂದುವರಿಯುವುದೇ ಮರ್ಯಾದೆ. ಮದ್ದು ಸಿಡಿಸಿ, ವಿಷ ಬೆರೆಸಿ ಮೀನು ಕೊಲ್ಲುವುದಂತೂ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ.

ಕೋಲಿನ ಲೆಕ್ಕ

ಹೊಳೆದಂಡೆಯ ಜಾಲಿಮರದ ನೆರಳಿಗೆ ಬಂದ ಮೇಲೆ ಮೊಮ್ಮಗ ಚೀಲ ಬಿಚ್ಚುತ್ತಾನೆ. ಎರಡು ತುಂಡು ಜೋಡಿಸಿದರೆ ಆರೂವರೆ ಅಡಿ.

"ಇದೇನೋ ಮಗಾ, ಇಷ್ಟು ಗಿಡ್ಡದ? ಮೀನ ಹಿಡ್ಲಿಕ್ಕೋ, ಆಡು ಕಾಯ್ಲಿಕ್ಕೋ?"

"ಇದು ಕಾರ್ಬನ್‌ದು ಮುತ್ಯಾ. ಬಾಗ್ತದ, ಮುರಿಯಂಗಿಲ್ಲ."

"ಬಿದಿರೂ ಬಾಗ್ತದ. ಬಾಗೋದು ಯಾತಕ್ಕ ಅಂತ ಕೇಳು ಅದಕ್ಕ."

ಮುತ್ಯಾನ ಪ್ರಶ್ನೆ ಸರಿಯಾದದ್ದೇ. ಗಾಳದ ಕೋಲು ಮೀನನ್ನು ಎತ್ತುವ ಸಾಧನವಲ್ಲ. ಎಳೆತವನ್ನು ನುಂಗುವ ಸಾಧನ. ಮೀನು ಹಠಾತ್ತನೆ ಜಗ್ಗಿದಾಗ ಆ ಹೊಡೆತ ನೇರವಾಗಿ ದಾರಕ್ಕೆ ಬೀಳದಂತೆ ಕೋಲು ಬಾಗಿ ತಡೆಯುತ್ತದೆ, ಎತ್ತಿನ ಗಾಡಿಗೆ ಇಲ್ಲದ ಸ್ಪ್ರಿಂಗು ಮೋಟಾರಿಗೆ ಇರುವಂತೆ. ಎತ್ತಲು ಹೋದರೆ ಕೋಲು ಮನುಷ್ಯನ ವಿರುದ್ಧವೇ ಕೆಲಸ ಮಾಡುತ್ತದೆ. ಶಾಲೆಯ ಸನ್ನೆಗೋಲಿನ ಪಾಠ ಇಲ್ಲಿ ನೆನಪಿಗೆ ಬರಬೇಕು. ಕೋಲಿನ ಬುಡ ಹೊಟ್ಟೆಗೆ ಒತ್ತಿದೆ, ಕೈ ಅಲ್ಲಿಂದ ಮೂವತ್ತು ಸೆಂಟಿಮೀಟರ್ ಮುಂದಿದೆ, ತುದಿ ಎರಡು ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ತುದಿಯಲ್ಲಿ ಒಂದು ಕಿಲೊ ಭಾರ ತೂಗಿದರೆ ಕೈಗೆ ಬೀಳುವುದು ಹೆಚ್ಚುಕಡಿಮೆ ಏಳು ಕಿಲೊ. ಕೋಲು ಉದ್ದವಾದಷ್ಟೂ ಈ ದಂಡ ಹೆಚ್ಚು. ದಿನವಿಡೀ ಎಸೆದು ಎಳೆಯುವ ಬೇಟೆಗೆ ಆರೂವರೆಯಿಂದ ಏಳಡಿಯ ಕೋಲು ಸಾಕೆನ್ನುವುದು ಇದಕ್ಕೇ. ಕೂತಲ್ಲೇ ಕೂತು, ಕಸದ ಆಚೆಗೆ ಗಾಳ ಇಳಿಬಿಡುವ ಮುತ್ಯಾನ ಬಗೆಗೆ ಹತ್ತಡಿಯೇ ಸರಿ.

ಅಂಗಡಿಯ ಕೋಲುಗಳ ಮೇಲೆ ಎರಡು ಗುಣಗಳನ್ನು ಬರೆದಿರುತ್ತಾರೆ. ಒಂದು ಅದರ ಬಲ: ಹಗುರ, ಮಧ್ಯಮ, ಭಾರಿ ಎಂದು. ಇನ್ನೊಂದು ಬಾಗುವ ಬಗೆ. ತುದಿಯಷ್ಟೇ ಬಾಗುವ ಕೋಲು ಚುರುಕು. ಬುಡದವರೆಗೆ ಬಾಗುವುದು ನಿಧಾನ. ಬೆಂಡು ಹಾಕಿ ಜಿಲೇಬಿ, ಪಕ್ಕೆ ಹಿಡಿಯುವವನಿಗೆ ಹಗುರ ಕೋಲು, ನಿಧಾನದ ಬಾಗು ಸಾಕು. ಕೊರವನಿಗೆ ಅದು ಸಾಲದು. ಅದರ ಬಾಯೊಳಗೆ ಎಲುಬೇ ಹೆಚ್ಚು. ರಬ್ಬರಿನ ಕಪ್ಪೆಯನ್ನು ಅದು ಕಚ್ಚಿದ ಕ್ಷಣವೇ ಕೊಕ್ಕೆ ಎಲುಬಿಗೆ ನಾಟಬೇಕು, ಮರುಕ್ಷಣವೇ ಮೀನನ್ನು ಜೊಂಡಿನಿಂದ ಹೊರಗೆ ತರಬೇಕು. ಇದಕ್ಕೆ ಮಧ್ಯಮಕ್ಕಿಂತ ಒಂದು ಕೈ ಮೇಲಿನ ಬಲ, ಚುರುಕಾದ ತುದಿ ಬೇಕು. ಕೋಲಿನ ಮೇಲೆ ಎಷ್ಟು ಗ್ರಾಂ ತೂಕದ ಎರೆಯನ್ನು ಎಸೆಯಬಹುದೆಂದೂ ಬರೆದಿರುತ್ತದೆ. ರಬ್ಬರಿನ ಕಪ್ಪೆ ಹತ್ತು ಹದಿನೈದು ಗ್ರಾಂ ಇರುವುದರಿಂದ ಆ ಅಂಕಿ ಅದರ ಆಚೀಚೆ ಇದ್ದರೆ ಕೊಂಡದ್ದು ದಂಡವಾಗದು.

ಕೋಲಿನ ವಸ್ತುವಿನ ಬಗ್ಗೆ ಒಂದು ಮಾತನ್ನು ಯಾವ ಡಬ್ಬಿಯೂ ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ. ಕಾರ್ಬನ್ ಕೋಲು ವಿದ್ಯುತ್ತನ್ನು ಹರಿಸುತ್ತದೆ. ಹೊಲದ ಮೇಲೆ, ಕೆರೆಯ ಏರಿಯ ಮೇಲೆ ಜೋತುಬಿದ್ದ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಇದರ ತುದಿ ತಗುಲಿದರೆ ಹಿಡಿದವನು ಉಳಿಯುವುದು ಕಷ್ಟ. ಬಯಲಿನಲ್ಲಿ ಇದನ್ನೆತ್ತಿ ನಿಂತರೆ ಸಿಡಿಲಿಗೂ ಅದೇ ದಾರಿ. ಗುಡುಗಿನ ಸದ್ದು ಕಿವಿಗೆ ಬಿದ್ದ ಕೂಡಲೇ ಕೋಲು ಕೆಳಗಿಟ್ಟು ದೂರ ಸರಿಯಬೇಕು. ಗಾಜಿನ ನಾರಿನ ಕೋಲು ತೂಕದಲ್ಲಿ ಹೆಚ್ಚು, ಚುರುಕಿನಲ್ಲಿ ಕಡಿಮೆ. ಆದರೆ ವಿದ್ಯುತ್ತಿನ ವಿಷಯದಲ್ಲಿ ಒಳ್ಳೆಯದು, ಕಲ್ಲಿಗೆ ಬಡಿದರೂ ಬೇಗ ಒಡೆಯದು, ಅಗ್ಗವೂ ಹೌದು. ಹೊಸಬರಿಗೆ ಅದೇ ವಾಸಿ. ಒದ್ದೆಯಾದ ಬಿದಿರನ್ನೂ ತಂತಿಯ ಹತ್ತಿರ ನಂಬುವಂತಿಲ್ಲ.

ನೂಲಿನ ಗಿರಣಿಯಿಂದ ಬಂದ ರಾಟೆ

ಮುತ್ಯಾನ ಬಿದಿರಿಗೆ ರಾಟೆಯಿಲ್ಲ. ದಾರ ತುದಿಗೇ ಕಟ್ಟಿದೆ, ಕೋಲಿನಷ್ಟೇ ಉದ್ದ. ಮೀನು ಜಗ್ಗಿದರೆ ಕೈ ಚಾಚುತ್ತಾರೆ, ಕೈ ಸಾಲದಿದ್ದರೆ ಎರಡು ಹೆಜ್ಜೆ ನೀರಿಗಿಳಿಯುತ್ತಾರೆ.

ಮೊಮ್ಮಗನ ಕೋಲಿಗೆ ಇರುವುದು ಕೆಳಗೆ ತೂಗುವ ಸ್ಪಿನ್ನಿಂಗ್ ರಾಟೆ. ಇದರಲ್ಲಿ ದಾರದ ಉರುಳೆ ಸುತ್ತುವುದಿಲ್ಲ; ಅದರ ಸುತ್ತ ಒಂದು ತಂತಿಯ ಕೈ ತಿರುಗಿ ದಾರ ಸುತ್ತುತ್ತದೆ. ಎಸೆಯುವಾಗ ಆ ಕೈಯನ್ನು ಮಗುಚಿದರೆ ದಾರ ತುದಿಯಿಂದ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಈ ಬಗೆಯ ರಾಟೆಗೆ 1905ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್, ಬಟ್ಟೆ ಗಿರಣಿಯ ಉದ್ಯಮಿ. ಗಿರಣಿಯಲ್ಲಿ ನೂಲು ಉರುಳೆಯ ತಲೆಯಿಂದ ಬಿಚ್ಚಿಕೊಳ್ಳುವುದನ್ನು ಕಂಡೇ ಅವನಿಗೆ ಇದು ಹೊಳೆಯಿತೆನ್ನುತ್ತಾರೆ. ಉರುಳೆಯೇ ಸುತ್ತುವ ಇನ್ನೊಂದು ಬಗೆ ಬೇಟ್‌ಕಾಸ್ಟಿಂಗ್ ರಾಟೆ. ಪಳಗಿದವರ ಕೈಯಲ್ಲಿ ಅದು ಗುರಿಗೆ ತಪ್ಪುವುದಿಲ್ಲ. ಹೊಸಬರ ಕೈಯಲ್ಲಿ ಎರೆ ನಿಂತ ಮೇಲೂ ಉರುಳೆ ಸುತ್ತುತ್ತಲೇ ಇದ್ದು ದಾರವೆಲ್ಲ ಗುಬ್ಬಿಗೂಡಾಗುತ್ತದೆ.

ರಾಟೆಯ ಮೇಲಿನ 2500, 3000, 4000 ಎಂಬ ಅಂಕಿಗಳು ಗಾತ್ರದ ಗುರುತು. ಈ ಸೀಮೆಯ ಮೀನಿಗೆ 2500 ಅಥವಾ 3000 ಸಾಕು. ಇನ್ನೊಂದು ಅಂಕಿ ಹಲ್ಲುಗಾಲಿಯ ಅನುಪಾತ. 6:1 ಎಂದಿದ್ದರೆ ಹಿಡಿಯನ್ನು ಒಮ್ಮೆ ತಿರುಗಿಸಿದಾಗ ದಾರ ಆರು ಸುತ್ತು ಸುತ್ತಿಕೊಳ್ಳುತ್ತದೆ. ಉರುಳೆಯ ಅಡ್ಡಳತೆ ನಾಲ್ಕೂವರೆ ಸೆಂಟಿಮೀಟರಾದರೆ ಸುತ್ತಳತೆ ಸುಮಾರು ಹದಿನಾಲ್ಕು; ಆರರಿಂದ ಗುಣಿಸಿದರೆ ಒಂದು ತಿರುವಿಗೆ ಎಂಬತ್ತನಾಲ್ಕು ಸೆಂಟಿಮೀಟರ್ ದಾರ ಒಳಬರುತ್ತದೆ. ಕಸದತ್ತ ಓಡುವ ಮೀನಿಗೆ ಈ ವೇಗ ಬೇಕು.

ರಾಟೆಯ ನಿಜವಾದ ಬೆಲೆಯಿರುವುದು ಅದರ ಬಿಗಿಯಲ್ಲಿ. ಇಂಗ್ಲಿಷಿನವರು ಡ್ರ್ಯಾಗ್ ಎನ್ನುವ ಈ ಬಿರಡೆಯನ್ನು ಸರಿಯಾಗಿ ತಿರುಗಿಸಿಟ್ಟರೆ, ಎಳೆತ ಮಿತಿ ಮೀರಿದಾಗ ದಾರ ಹರಿಯುವ ಬದಲು ಸ್ವಲ್ಪ ಸ್ವಲ್ಪವೇ ಜಾರುತ್ತದೆ. ದಾರ ತಾಳುವ ಭಾರದ ಮೂರನೆಯ ಒಂದು ಪಾಲಿಗೆ ಬಿಗಿಯನ್ನು ನಿಲ್ಲಿಸಬೇಕೆಂಬುದು ರೂಢಿ. ಇದನ್ನು ಕೈಯಂದಾಜಿನಲ್ಲಿ ಮಾಡಬೇಕಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿರುವಂಥ ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ ಎಳೆದು ನೋಡಿದರೆ ಎರಡು ನಿಮಿಷದ ಕೆಲಸ.

ದಾರ ಹರಿದ ದಿನ

ಮೊಮ್ಮಗ ಇದನ್ನು ಕಲಿತದ್ದು ತಡವಾಗಿ. ಕೋಲು ಬಂದ ಮೊದಲ ವಾರ ಅವನು ಉರುಳೆಗೆ ಸುತ್ತಿದ್ದು ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕ 0.20 ಮಿಲಿಮೀಟರಿನ ತಂಗೂಸಿ. ಸಣ್ಣ ದಾರ ದೂರ ಹೋಗುತ್ತದೆಂಬುದು ಅವನ ಲೆಕ್ಕ. ಬಿರಡೆಯನ್ನೂ ಪೂರ್ತಿ ಬಿಗಿದಿದ್ದ. ಮೂರನೆಯ ಎಸೆತಕ್ಕೇ ಒಂದು ಕೊರವ ಕಚ್ಚಿತು. ಕೋಲು ಬಾಗಿತು, ಹುಡುಗ ಕೂಗಿದ, ದಾರ ಟಪ್ಪೆಂದು ಹರಿಯಿತು. ಕೊಕ್ಕೆಯನ್ನೂ ಹಿಂದೆ ಜೋಲುವ ಮೂರು ಮಾರು ದಾರವನ್ನೂ ಹೊತ್ತ ಮೀನು ಜೊಂಡಿಗೆ ನುಗ್ಗಿತು.

ಎರಡು ದಿನ ಬಿಟ್ಟು ಮುತ್ಯಾ ಅದೇ ಮಡುವಿಗೆ ಹೋದಾಗ ಅದು ಸಿಕ್ಕಿತು. ದಾರ ಜೊಂಡಿನ ಬೇರಿಗೆ ಸುತ್ತಿಕೊಂಡಿತ್ತು. ಮೀನು ಹೊಟ್ಟೆ ಮೇಲಾಗಿ ನೀರಿನ ಒಂದು ಗೇಣು ಕೆಳಗೇ ನಿಂತಿತ್ತು. ಅದು ಸತ್ತದ್ದು ಗಾಯದಿಂದಲ್ಲ. ಕೊರವಕ್ಕೆ ಕಿವಿರಿನ ಉಸಿರೊಂದೇ ಸಾಲದು. ತಲೆಯೊಳಗೆ ಗಾಳಿಯುಸಿರಿಗೆಂದು ಬೇರೆ ಗೂಡಿದೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು. ಕೆಸರಿನಲ್ಲೂ ಬದುಕುವ, ನೀರಿನಿಂದ ತೆಗೆದು ಬುಟ್ಟಿಯಲ್ಲಿಟ್ಟರೂ ಗಂಟೆಗಟ್ಟಲೆ ಜೀವ ಹಿಡಿಯುವ ಮೀನು, ಮೇಲೆ ಬರಲು ಬಿಡದಂತೆ ಕಟ್ಟಿಹಾಕಿದರೆ ನೀರಿನಲ್ಲೇ ಉಸಿರುಗಟ್ಟುತ್ತದೆ.

ಮುತ್ಯಾ ಅದನ್ನು ಮನೆಗೆ ತರಲಿಲ್ಲ. ಬಿಡಿಸಿದ ದಾರವನ್ನಷ್ಟೇ ತಂದು ಮೊಮ್ಮಗನ ಕೈಯಲ್ಲಿಟ್ಟರು. "ಮೀನ ಹಿಡದು ತಿನ್ನೋದು ಒಂದು ಮಾತು. ಹಿಡೀಲಾರ್ದೇ ಕೊಲ್ಲೋದು ಇನ್ನೊಂದು ಮಾತು" ಎಂದರು. ಅಂದು ಮನೆಯಲ್ಲಿ ಬೇರೆ ಮಾತು ನಡೆಯಲಿಲ್ಲ.

ಮರುವಾರ ಹುಡುಗ ದಾರದ ಲೆಕ್ಕವನ್ನು ಮೊದಲಿನಿಂದ ಕಲಿತ. ದಾರದ ಬಲ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದೇ ಬಗೆಯ ನೈಲಾನಿನಲ್ಲಿ 0.20ರ ಬದಲು 0.40 ಮಿಲಿಮೀಟರಿನದನ್ನು ಹಾಕಿದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋದರ್ಸ್ ಅವರ ತಂಡ ಹುಟ್ಟಿಸಿದ ಈ ನೈಲಾನಿಗೆ ಹಿಗ್ಗುವ ಗುಣವಿದೆ. ಆ ಹಿಗ್ಗು ಹೊಡೆತವನ್ನು ತಡೆಯುತ್ತದೆ, ಹೊಸಬರ ತಪ್ಪನ್ನೂ ಮನ್ನಿಸುತ್ತದೆ. ಆದರೆ ಬಿಸಿಲಿಗೆ ನೈಲಾನ್ ಸವೆಯುತ್ತದೆ. ಕಲಬುರಗಿಯ ಮೇ ತಿಂಗಳ ಬಿಸಿಲು ಕಂಡ ಹಳೆಯ ದಾರವನ್ನು ನಂಬದೆ ಪ್ರತಿ ಮಳೆಗಾಲಕ್ಕೆ ಹೊಸದನ್ನು ಸುತ್ತುವುದು ಲೇಸು.

ಹೆಣೆದ ದಾರ ಇನ್ನೊಂದು ಬಗೆ. ಪಾಲಿಎಥಿಲೀನಿನ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆದದ್ದು. ಅದೇ ದಪ್ಪದ ನೈಲಾನಿಗಿಂತ ಬಹಳ ಬಲ, ಹಿಗ್ಗು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಜೊಂಡನ್ನು ಕೊಯ್ದುಕೊಂಡು ಬರುತ್ತದೆ. ಕೊರವದ ಬೇಟೆಗೆ ಇದೇ ಸರಿ. ಆದರೆ ಬರಿಗೈಗೆ ಸುತ್ತಿ ಎಳೆದರೆ ಬೆರಳನ್ನೂ ಕೊಯ್ಯುತ್ತದೆ. ಸುಣ್ಣಕಲ್ಲಿನ ಅಂಚಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಅದಕ್ಕೆ ಇದರ ತುದಿಗೆ ಒಂದು ಮಾರು ದಪ್ಪ ನೈಲಾನ್ ಜೋಡಿಸಬೇಕು. ಫ್ಲೋರೋಕಾರ್ಬನ್ ಎಂಬ ಮೂರನೆಯ ಬಗೆಯೂ ಉಂಟು. ಅದರ ವಕ್ರೀಭವನ ಸೂಚ್ಯಂಕ ಸುಮಾರು 1.42, ನೀರಿನದು 1.33. ನೈಲಾನಿನದು ಇದಕ್ಕಿಂತ ಹೆಚ್ಚು. ಆದ್ದರಿಂದ ತಿಳಿನೀರಿನಲ್ಲಿ ಫ್ಲೋರೋಕಾರ್ಬನ್ ಅಷ್ಟಾಗಿ ಕಾಣದು. ಮಳೆಗಾಲದ ಕಾಗಿಣಾದ ಕೆಂಪು ನೀರಿಗೆ ಅಷ್ಟು ದುಡ್ಡು ಸುರಿಯುವುದು ವ್ಯರ್ಥ.

ಎಂಥ ದಾರವಾದರೂ ಸೋಲುವುದು ಗಂಟಿನಲ್ಲಿ. ಸಾದಾ ಗಂಟು ಹಾಕಿದರೆ ದಾರದ ಬಲ ಅರ್ಧಕ್ಕೆ ಇಳಿಯಬಹುದು. ಕೊಕ್ಕೆಯ ಕಣ್ಣಿಗೆ ದಾರ ಪೋಣಿಸಿ, ಐದಾರು ಸುತ್ತು ಹೊಸೆದು, ಬಿಗಿಯುವ ಮುನ್ನ ಬಾಯೆಂಜಲಿನಿಂದ ಒದ್ದೆ ಮಾಡಬೇಕು. ಒಣಗಿದ ದಾರ ಉಜ್ಜಿದ ಬಿಸಿಗೇ ನೈಲಾನ್ ನವೆಯುತ್ತದೆ. ಮುತ್ಯಾಗೆ ಘರ್ಷಣೆಯ ಪಾಠ ಯಾರೂ ಮಾಡಿಲ್ಲ. ಆದರೂ ಅವರು ಗಂಟಿಗೆ ಉಗುಳು ಹಚ್ಚದೆ ಎಂದೂ ಬಿಗಿದವರಲ್ಲ.

ಕಲ್ಯಾಣದ ದೊರೆಯ ಮತ್ಸ್ಯವಿನೋದ

ಮೀನಿಗೆ ತಕ್ಕ ಸಾಧನ ಎಂಬ ಈ ವಿಚಾರ ಅಮೆರಿಕದಿಂದ ಬಂದದ್ದೆಂದು ತಿಳಿಯಬೇಕಿಲ್ಲ. ಚಿಂಚೋಳಿಯಿಂದ ವಾಯವ್ಯಕ್ಕಿರುವ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. 1130ರ ಸುಮಾರಿನ ಈ ಗ್ರಂಥದಲ್ಲಿ ಅರಸರ ವಿನೋದಗಳ ನಡುವೆ 'ಮತ್ಸ್ಯವಿನೋದ'ವೂ ಒಂದು. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ಕ್ರಮ ಎಲ್ಲವೂ ಅಲ್ಲಿದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ವಿದ್ವತ್ಪೂರ್ಣ ಲೇಖನ ಬರೆದು ಲೋಕದ ಗಮನಕ್ಕೆ ತಂದರು. ಸುಲೇಪೇಟದ ಮುತ್ಯಾ ಎರೆಹುಳುವೋ ಕಪ್ಪೆಮರಿಯೋ ಎಂದು ಮೀನು ನೋಡಿ ತೀರ್ಮಾನಿಸುವುದಕ್ಕೆ ಈ ನೆಲದಲ್ಲೇ ಒಂಬೈನೂರು ವರ್ಷದ ಹಿನ್ನೆಲೆಯಿದೆ.

ದಕ್ಷಿಣದಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಶೀರ್ ಮೀನು 120 ಪೌಂಡ್, ಎಂದರೆ ಐವತ್ತನಾಲ್ಕು ಕಿಲೊ ತೂಗಿತು. ಅಂಥ ಮೀನಿಗೆ ಬೇಕಾದ ಕೋಲೇ ಬೇರೆ, ದಾರವೇ ಬೇರೆ. ಅದೇ ನದಿಗಳ ಗೂನುಬೆನ್ನಿನ ಮಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದರ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗುವ ಹೊತ್ತಿಗೆ ಮೀನೇ ಅಪರೂಪವಾಗಿತ್ತು. ಕೊರವದ ಗತಿ ಇನ್ನೂ ಅಲ್ಲಿಗೆ ಹೋಗಿಲ್ಲ. ಹೋಗಬಾರದೆಂದಿದ್ದರೆ ಕೋಲು ಹಿಡಿದವನ ಕೈಯಲ್ಲೂ ಸ್ವಲ್ಪವಿದೆ.

ನೀರಿನ ಮೇಲೆ ಕೆಂಪು ಮೋಡ

ಬಿಸಿಲು ಏರಿದೆ. ಮೊಮ್ಮಗನ ಉರುಳೆಯಲ್ಲಿ ಈಗ ಹೆಣೆದ ದಾರ, ಮುಂದೆ ದಪ್ಪ ನೈಲಾನು, ತುದಿಗೆ ಹಸಿರು ರಬ್ಬರಿನ ಕಪ್ಪೆ. ಅವನು ಮಡುವಿನ ಅಂಚಿಗೇ ನಡೆದು ಹೋಗುತ್ತಿದ್ದವನು ಥಟ್ಟನೆ ನಿಲ್ಲುತ್ತಾನೆ. ಜೊಂಡಿನ ನಡುವೆ ಬಿಳಿಬಿಸಿಲು ಬಿದ್ದ ಜಾಗದಲ್ಲಿ ನೀರು ಕುದಿಯುತ್ತಿರುವಂತೆ ಕಾಣುತ್ತದೆ. ಹರಿವಾಣದಷ್ಟಗಲದ ಕೆಂಪು ಮೋಡವೊಂದು ನೀರಿನ ಮೇಲ್ಪದರದಲ್ಲಿ ಮೆಲ್ಲಗೆ ಸರಿಯುತ್ತಿದೆ. ನೂರಾರು ಕೊರವದ ಮರಿಗಳು. ಉಸಿರಿಗಾಗಿ ಒಂದರ ಮೇಲೊಂದು ಏರಿ ಇಳಿಯುತ್ತಿವೆ. ಅವುಗಳ ಕೆಳಗೆ ಒಂದು ಕರಿಯ ನೆರಳು.

ಗಾಳದವರಿಗೆ ಇದಕ್ಕಿಂತ ಸುಲಭದ ಬೇಟೆ ಇನ್ನೊಂದಿಲ್ಲ. ಮರಿ ಕಾಯುವ ಕೊರವಕ್ಕೆ ಹಸಿವೆಯ ಲೆಕ್ಕವಿರುವುದಿಲ್ಲ. ಮರಿಗಳ ಹತ್ತಿರ ಬಿದ್ದದ್ದು ಕಪ್ಪೆಯೋ, ಕಡ್ಡಿಯೋ, ರಬ್ಬರೋ, ಯಾವುದಾದರೂ ಕಚ್ಚಿ ಓಡಿಸಲು ನುಗ್ಗುತ್ತದೆ. ಒಂದೇ ಎಸೆತ ಸಾಕು. ದೊಡ್ಡ ಮೀನು ದಂಡೆಗೆ ಬರುತ್ತದೆ. ಆಮೇಲೆ ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳೂ ಮಿಂಚುಳ್ಳಿ, ನೀರುಕಾಗೆಗಳೂ ಹರಿದು ತಿನ್ನುತ್ತವೆ. ಒಂದು ಮೀನು ಹಿಡಿದಂತೆ ಕಂಡರೂ ಖಾಲಿಯಾಗುವುದು ಮುಂದಿನ ವರ್ಷದ ಮಡು.

ಹುಡುಗನ ಬೆರಳು ದಾರದ ಮೇಲಿದೆ. ತಂತಿಯ ಕೈ ಮಗುಚಿದೆ. ಕಪ್ಪೆ ತುದಿಯಿಂದ ತೂಗುತ್ತಿದೆ. ಈ ಋತುವಿನಲ್ಲಿ ಅವನು ಇನ್ನೂ ಒಂದು ಕೊರವವನ್ನೂ ದಂಡೆಗೆ ತಂದಿಲ್ಲ. ಕಾರ್ಖಾನೆಯ ಗೆಳೆಯರಿಗೆ ಫೋಟೋ ಕಳಿಸುತ್ತೇನೆಂದು ಹೇಳಿ ಬಂದಿದ್ದಾನೆ.

ಹತ್ತು ಮಾರು ಹಿಂದೆ ಮುತ್ಯಾ ತಮ್ಮ ಬೆಂಡಿನ ಮೇಲೆಯೇ ಕಣ್ಣಿಟ್ಟು ಕೂತಿದ್ದಾರೆ. ನೋಡಿದ್ದಾರೋ ಇಲ್ಲವೋ ಹೇಳುವಂತಿಲ್ಲ.

"ಮುತ್ಯಾ, ಇಲ್ಲಿ ಮರಿ ಅದಾವ."

"ಹೂಂ."

"ತಾಯಿನೂ ಅದ."

"ತಾಯಿನೋ ತಂದಿನೋ, ಯಾರಿಗೊತ್ತು? ಅದರಾಗ ಇಬ್ಬರೂ ಕಾಯ್ತಾರ." ಸ್ವಲ್ಪ ತಡೆದು, "ನಿನ್ನ ಕೋಲು, ನಿನ್ನ ರೊಕ್ಕ. ನಾ ಏನ್ ಹೇಳ್ಲಿ?" ಎನ್ನುತ್ತಾರೆ.

ಕೆಂಪು ಮೋಡ ಜೊಂಡಿನ ನೆರಳಿಗೆ ಸರಿಯುವವರೆಗೂ ಹುಡುಗ ನಿಂತೇ ಇರುತ್ತಾನೆ. ಆಮೇಲೆ ತಂತಿಯ ಕೈಯನ್ನು ಕಟ್ಟೆಂದು ಮುಚ್ಚಿ, ರಬ್ಬರಿನ ಕಪ್ಪೆಯನ್ನು ಬಿಚ್ಚಿ ಡಬ್ಬಿಗೆ ಹಾಕುತ್ತಾನೆ. ಮುತ್ಯಾನ ಪಕ್ಕಕ್ಕೆ ಬಂದು ಕೂತು ಸಣ್ಣ ಕೊಕ್ಕೆಯೊಂದಕ್ಕೆ ಕೈ ಚಾಚುತ್ತಾನೆ. ಮುತ್ಯಾ ಎರೆಹುಳುವಿನ ಕರಟವನ್ನು ಅವನ ಕಡೆ ಸರಿಸುತ್ತಾರೆ.

ಮಧ್ಯಾಹ್ನದ ಬಸ್ಸಿನ ಹೊತ್ತಿಗೆ ಅಜ್ಜ ಮೊಮ್ಮಗ ಇಬ್ಬರದೂ ಸೇರಿ ಏಳು ಜಿಲೇಬಿ, ಒಂದು ಹಾವುಮೀನು. ಎರಡು ಸಾವಿರದ ನಾಲ್ಕುನೂರು ರೂಪಾಯಿಯ ಕೋಲಿಗೆ ಬಿದ್ದದ್ದು ಎರಡು, ಬಿದಿರಿಗೆ ಉಳಿದದ್ದೆಲ್ಲ. ಏಳುವ ಮುನ್ನ ಮೊಮ್ಮಗ ದಂಡೆಯಲ್ಲಿ ಬಿದ್ದಿದ್ದ ದಾರದ ತುಂಡುಗಳನ್ನು, ತನ್ನವನ್ನೂ ಇನ್ನಾರೋ ಬಿಟ್ಟುಹೋದವನ್ನೂ, ಆರಿಸಿ ಉಂಡೆ ಮಾಡಿ ಕಿಸೆಗೆ ಹಾಕಿಕೊಳ್ಳುತ್ತಾನೆ. ಕೊಕ್ಕರೆಯ ಕಾಲಿಗೆ ಸುತ್ತಿಕೊಂಡರೆ ಅದೂ ನೇಣೇ.

ರಸ್ತೆಗೆ ಹತ್ತುವಾಗ ಮುತ್ಯಾ ಮೊಮ್ಮಗನ ಕೋಲನ್ನು ಒಮ್ಮೆ ಕೈಗೆ ತೆಗೆದುಕೊಂಡು ಗಾಳಿಯಲ್ಲಿ ಆಡಿಸಿ ನೋಡುತ್ತಾರೆ.

"ಹಗೂರ ಅದ ಬಿಡು. ಶ್ರಾವಣ ಮುಗೀಲಿ, ಮರಿ ದೊಡ್ಡವಾಗ್ಲಿ. ಆಗ ಬರೂನು. ನನಗೂ ಒಂದೀಟು ಒಗಿಯೋದು ಕಲಸು" ಎನ್ನುತ್ತಾರೆ.